ಸುಮ್ನೆ ಪೀರಿಯಡ್

ಇಪ್ಪತ್ತೆರಡು ವರ್ಷ ಒಂದೇ ಶಾಲೆಯಲ್ಲಿ ನರ್ಸಾಗಿದ್ದು ನಾನು ಕಂಡುಕೊಂಡ ಸತ್ಯ ಇಷ್ಟು: ಮಕ್ಕಳಿಗೆ ಹೊಟ್ಟೆನೋವು ಹೊಟ್ಟೆಯಿಂದ ಬರುವುದಿಲ್ಲ, ಟೈಮ್‌ಟೇಬಲ್‌ನಿಂದ ಬರುತ್ತದೆ. ಗಣಿತದ ಟೆಸ್ಟ್ ಇದ್ದ ದಿನ ಎಂಟನೇ ಕ್ಲಾಸಿಗೆ ಬರುತ್ತದೆ. ಓಟದ ಸ್ಪರ್ಧೆ ಇದ್ದ ದಿನ ಮೈ ತುಂಬಿಕೊಂಡವರಿಗೆ ಬರುತ್ತದೆ. ವಿಜ್ಞಾನದ ಹೊಸ ಮೇಷ್ಟ್ರು ಒಬ್ಬೊಬ್ಬರನ್ನೇ ಬೋರ್ಡಿನ ಹತ್ತಿರ ಕರೆಯಲು ಶುರುಮಾಡಿದ ಮೇಲಂತೂ ಅದು ಊರಿಗೆ ಬಂದ ಜ್ವರದ ಹಾಗೆ ಬೆಂಚಿನಿಂದ ಬೆಂಚಿಗೆ ಹರಡಿತ್ತು.

ಕಳ್ಳ ನೋವನ್ನು ಹಿಡಿಯಲು ನನ್ನದೇ ಒಂದು ದಾರಿ ಇತ್ತು. ಬಂದವರನ್ನು ಮಂಚದ ಮೇಲೆ ಕೂರಿಸಿ, "ಎಲ್ಲಿ ನೋವು? ತೋರಿಸು" ಅನ್ನುತ್ತಿದ್ದೆ. ನಿಜವಾಗಿ ನೋವಿದ್ದವರು ಒಂದು ಬೆರಳು ಇಟ್ಟು ತೋರಿಸುತ್ತಾರೆ. ಸುಳ್ಳು ಹೇಳುವವರು ಗೋಡೆಗೆ ಸುಣ್ಣ ಬಳಿದ ಹಾಗೆ ಅಂಗೈಯನ್ನು ಹೊಟ್ಟೆಯ ಮೇಲೆಲ್ಲ ಆಡಿಸುತ್ತಾರೆ. ಬೆರಳಿಗೆ ಔಷಧಿ, ಅಂಗೈಗೆ ಪೆಪ್ಪರ್‌ಮಿಂಟ್. ಹೊಸದಾಗಿ ಸೇರಿದ ಟೀಚರುಗಳಿಗೂ ಇದನ್ನು ಹೇಳಿಕೊಟ್ಟು ಬೀಗುತ್ತಿದ್ದೆ. ಗಾಜಿನ ಕಪಾಟಿನಲ್ಲಿ ಗುಳಿಗೆಗಿಂತ ಪೆಪ್ಪರ್‌ಮಿಂಟೇ ಬೇಗ ಮುಗಿಯುತ್ತಿತ್ತು.

ನನ್ನ ಸಿಕ್ ರೂಮ್ ಮೆಟ್ಟಿಲಿನ ಕೆಳಗೆ. ಕಬ್ಬಿಣದ ಮಂಚ, ಕಂದು ರೆಕ್ಸಿನ್ನಿನ ಹಾಸಿಗೆ, ಎರಡು ಕಿಲೋ ಹೆಚ್ಚೇ ತೋರಿಸುವ ತೂಕದ ಯಂತ್ರ, ಒಂದು ಮೇಜು, ಮೇಜಿನ ಮೇಲೆ ದಪ್ಪ ರಿಜಿಸ್ಟರು. ಅದರಲ್ಲಿ ನಾಲ್ಕು ಕಾಲಂ: ದಿನಾಂಕ, ಯಾರು, ಏನು ತೊಂದರೆ, ಏನು ಮಾಡಲಾಯಿತು. ತಲೆಯ ಮೇಲೆ ಮಕ್ಕಳು ಮೆಟ್ಟಿಲು ಹತ್ತಿ ಇಳಿಯುವ ಸದ್ದು ದಿನವಿಡೀ ಕೇಳುತ್ತಿತ್ತು.

ಆ ಮಕ್ಕಳಲ್ಲಿ ನನ್ನ ತಂಗಿಯ ಮಗಳೂ ಒಬ್ಬಳು. ಹತ್ತನೇ ಕ್ಲಾಸು. ಮನೆಯಲ್ಲಿ ಅವಳನ್ನು ಚೂಟಿ ಅನ್ನುತ್ತಿದ್ದೆವು. ನನಗೆ ಮದುವೆಯಿಲ್ಲ, ಮಕ್ಕಳಿಲ್ಲ, ಇದ್ದದ್ದೆಲ್ಲ ಅವಳೇ. ತಂಗಿ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮಾಡುತ್ತಾಳೆ, ಅವಳ ಗಂಡ ಲಾರಿ ಓಡಿಸುತ್ತಾನೆ, ಮನೆಗೆ ಬರುವುದು ಇಪ್ಪತ್ತು ದಿನಕ್ಕೊಮ್ಮೆ. ಚೂಟಿ ಹುಟ್ಟಿದಾಗಿನಿಂದ ಅರ್ಧ ನನ್ನ ಮನೆಯಲ್ಲೇ ಬೆಳೆದವಳು. ಅವಳನ್ನು ಶಾಲೆಗೆ ಸೇರಿಸಿದ ದಿನ ಗೇಟಿನ ಹತ್ತಿರ ನಿಲ್ಲಿಸಿಕೊಂಡು ಒಂದು ಮಾತು ಹೇಳಿದ್ದೆ.

"ನೋಡು, ಈ ಗೇಟು ದಾಟಿದ ಮೇಲೆ ನಾನು ನಿನ್ನ ದೊಡ್ಡಮ್ಮ ಅಲ್ಲ. ಎಲ್ಲರಿಗೂ ಹೇಗೋ ನಿನಗೂ ಹಾಗೆ. ನರ್ಸಮ್ಮ ಅನ್ಬೇಕು, ನೀವು ಅನ್ಬೇಕು. ನಾಳೆ ಯಾರೂ ನನ್ನ ಕಡೆ ಬೆರಳು ತೋರಿಸ್ಬಾರದು."

"ಮತ್ತೆ ಮನೇಲಿ?"

"ಮನೇಲಿ ನನ್ನ ತಲೆ ಮೇಲೆ ಕೂತ್ಕೊ, ಯಾರು ಬೇಡ ಅಂದ್ರು."

ಹತ್ತು ವರ್ಷದಲ್ಲಿ ಅವಳು ಒಮ್ಮೆಯೂ ತಪ್ಪಲಿಲ್ಲ. ಕಾರಿಡಾರಿನಲ್ಲಿ ಎದುರಾದರೆ, "ನಮಸ್ಕಾರ ನರ್ಸಮ್ಮ" ಎಂದು ತುಟಿಯ ಕೊನೆಯಲ್ಲಿ ನಗು ಬಚ್ಚಿಟ್ಟುಕೊಂಡು ಹೋಗುತ್ತಿದ್ದಳು. ಪೆಪ್ಪರ್‌ಮಿಂಟ್ ಅಂದರೆ ಆಸೆಬುರುಕಿ. ಸಂಜೆ ಮನೆಗೆ ಬಂದು ನನ್ನ ಚೀಲಕ್ಕೇ ಕೈ ಹಾಕುತ್ತಿದ್ದಳು.

ಹೋದ ವರ್ಷ ಪರೀಕ್ಷೆಯ ದಿನಗಳಲ್ಲಿ ಇಬ್ಬರು ಮಕ್ಕಳು ತಲೆ ಸುತ್ತಿ ಬಿದ್ದರು, ಒಬ್ಬ ಉತ್ತರ ಪತ್ರಿಕೆಯನ್ನು ಹರಿದು ಬಾಯಿಗೆ ತುರುಕಿಕೊಂಡ. ಆಗ ಮೇಲಿನಿಂದ ಒಂದು ಆದೇಶ ಬಂತು. ಹದಿಹರೆಯದ ಮಕ್ಕಳ ಮನಸ್ಸಿನ ಒತ್ತಡ ಇಳಿಸಲು ವಾರಕ್ಕೆ ಮೂರು ದಿನ ಮನೋಜಾಗೃತಿ ತರಗತಿ ನಡೆಸಬೇಕು. ಟೀಚರುಗಳೆಲ್ಲ ಸಿಲಬಸ್ ಮುಗಿದಿಲ್ಲ ಎಂದು ಕೈ ಚೆಲ್ಲಿದರು. ಹೆಡ್‌ಮಿಸ್ಟ್ರೆಸ್ಸನ್ನು ನಾವು ದೊಡ್ಡ ಮೇಡಂ ಅನ್ನುತ್ತಿದ್ದೆವು. ಅವರು ನನ್ನನ್ನು ಕರೆದು, "ಮೈ ಬಗ್ಗೆ ತಿಳಿದವರು ನೀವೊಬ್ಬರೇ. ಮನಸ್ಸು ಎಷ್ಟು ದೂರ?" ಅಂದರು.

ಮೂರು ದಿನದ ತರಬೇತಿಗೆ ಹೋದೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಒಬ್ಬ ಯುವಕ, ಕೈಯಲ್ಲೊಂದು ಪುಟ್ಟ ಗಂಟೆ. ಬಂದ ಯೋಚನೆಯನ್ನು ಓಡಿಸಬೇಡಿ, ಹಿಂಬಾಲಿಸಬೇಡಿ, ಸುಮ್ಮನೆ ಗಮನಿಸಿ ಅಂದ. ನನಗೆ ನಗು ಬಂತು. ನನ್ನ ಮೂಗಿನ ತುದಿಯಲ್ಲೇ ಕೋಪ ಇರುವುದು ಇಡೀ ಶಾಲೆಗೆ ಗೊತ್ತು. ನಾನು ಮಕ್ಕಳಿಗೆ ಶಾಂತಿ ಕಲಿಸುವುದೆಂದರೆ ಬೆಕ್ಕು ಹಾಲಿಗೆ ಕಾವಲು ಕೂತ ಹಾಗೆ.

ಆದರೆ ಸುಳ್ಳು ಹೇಳಬಾರದು, ಅದು ಕೆಲಸ ಮಾಡಿತು. ಆ ಯುವಕನ ಭಾಷೆ ಮಕ್ಕಳ ತಲೆಗೆ ಹತ್ತುವುದಿಲ್ಲ ಎಂದು ನಾನು ನನ್ನದೇ ರೀತಿಯಲ್ಲಿ ಹೇಳಿದೆ. "ಬೀದಿಯಲ್ಲಿ ನಾಯಿ ಬೊಗಳಿದ್ರೆ ಏನು ಮಾಡ್ತೀರ? ಓಡಿದ್ರೆ ಅಟ್ಟಿಸ್ಕೊಂಡು ಬರುತ್ತೆ. ಕಲ್ಲು ಎತ್ತಿದ್ರೆ ಮೇಲೆ ಬೀಳುತ್ತೆ. ಸುಮ್ನೆ ನಿಂತ್ಕೊಳ್ಳಿ. ನೋಡ್ತಾ ನಿಂತ್ಕೊಳ್ಳಿ. ಬೊಗಳಿ ಬೊಗಳಿ ಸಾಕಾಗಿ ಅದೇ ಹೋಗುತ್ತೆ. ಭಯ ಅಂದ್ರೂ ಅಷ್ಟೆ, ನೋವು ಅಂದ್ರೂ ಅಷ್ಟೆ."

ಮಕ್ಕಳು ಅದಕ್ಕೆ ಸುಮ್ನೆ ಪೀರಿಯಡ್ ಎಂದು ಹೆಸರಿಟ್ಟರು. ಮೊದಲು ಗೇಲಿ ಮಾಡಿದರು, ಕಿಸಕ್ಕೆಂದರು, ಹಿಂದಿನ ಬೆಂಚಿನವರು ಗೊರಕೆ ಹೊಡೆದರು. ಎರಡು ತಿಂಗಳಲ್ಲಿ ಆ ಉತ್ತರ ಪತ್ರಿಕೆ ತಿಂದ ಹುಡುಗ ಕೈ ನಡುಗದೆ ಮೂರು ಗಂಟೆ ಕೂತು ಪರೀಕ್ಷೆ ಬರೆದ. ಅವನ ತಾಯಿ ಬಂದು ನನ್ನ ಕೈ ಹಿಡಿದು ಅತ್ತಳು. ಇಷ್ಟು ವರ್ಷ ಗಾಯಕ್ಕೆ ಹತ್ತಿ ಒತ್ತಿ ಕಳಿಸಿದ್ದಕ್ಕೆ ಯಾರೂ ಹೀಗೆ ಅತ್ತಿರಲಿಲ್ಲ.

ಇನ್ನೊಂದು ಪವಾಡವೂ ಆಯಿತು. ಸಿಕ್ ರೂಮಿಗೆ ಬರುವವರು ಕಡಿಮೆಯಾದರು. ಮೊದಲು ತಿಂಗಳಿಗೆ ಮೂರು ಪುಟ ತುಂಬುತ್ತಿದ್ದ ರಿಜಿಸ್ಟರು ಅರ್ಧ ಪುಟಕ್ಕೆ ಇಳಿಯಿತು. ದೊಡ್ಡ ಮೇಡಂ ಅದನ್ನು ನೋಡಿ, "ಇದಕ್ಕಿಂತ ಸಾಕ್ಷಿ ಬೇಕಾ?" ಎಂದು ಮೇಲಿನವರಿಗೆ ಪತ್ರ ಬರೆದರು. ಬರುವ ಬುಧವಾರ ಶಿಕ್ಷಣ ಇಲಾಖೆಯ ಕಚೇರಿಯಿಂದ ನಾಲ್ವರು ಬಂದು ತರಗತಿ ನೋಡುತ್ತಾರೆ, ಚೆನ್ನಾಗಿದ್ದರೆ ಎಲ್ಲ ಶಾಲೆಗಳಿಗೂ ನನ್ನಿಂದಲೇ ತರಬೇತಿ ಕೊಡಿಸುತ್ತಾರೆ ಎಂದಾಯಿತು. ಮೆಟ್ಟಿಲ ಕೆಳಗೆ ಇಪ್ಪತ್ತೆರಡು ವರ್ಷ ಕೂತವಳಿಗೆ ಮೆಟ್ಟಿಲು ಹತ್ತಿ ಎಂದರೆ ಏನಾಗಬೇಕೋ ಅದೇ ಆಯಿತು. ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ವಾರ ಮಂಗಳವಾರ ಎರಡನೇ ಪೀರಿಯಡ್ಡಿನಲ್ಲಿ ಚೂಟಿ ಬಾಗಿಲಲ್ಲಿ ನಿಂತಳು. ಒಂದು ಕೈ ಚೌಕಟ್ಟಿನ ಮೇಲಿತ್ತು.

"ಏನು?" ಅಂದೆ.

"ಸುಮ್ನೆ."

"ಸುಮ್ನೆ ಬರೋಕೆ ಇದೇನು ಪಾರ್ಕಾ? ಕ್ಲಾಸಿಲ್ವಾ?"

ಅವಳು ಚೌಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ, "ದೊಡ್ಡಮ್ಮ, ಹೊಟ್ಟೆ ನೋಯ್ತಿದೆ" ಅಂದಳು.

ಹತ್ತು ವರ್ಷದಲ್ಲಿ ಮೊದಲ ಸಲ ಗೇಟಿನ ಒಳಗೆ ಆ ಮಾತು ಅವಳ ಬಾಯಲ್ಲಿ ಬಂದಿತ್ತು. ಬೇರೆ ಯಾರಿಗೆ ಅಲ್ಲದಿದ್ದರೂ ನನಗೆ ಅದು ಕೇಳಿಸಬೇಕಿತ್ತು. ನನಗೆ ಕೇಳಿಸಿದ್ದು ಶಿಸ್ತು ತಪ್ಪಿದ್ದು ಮಾತ್ರ.

"ಯಾರು ದೊಡ್ಡಮ್ಮ? ಇಲ್ಲಿ ಯಾರೂ ದೊಡ್ಡಮ್ಮ ಇಲ್ಲ."

"ತಪ್ಪಾಯ್ತು ನರ್ಸಮ್ಮ."

"ಎಲ್ಲಿ ನೋವು? ತೋರಿಸು."

ಅವಳು ಹೊಕ್ಕುಳಿನ ಸುತ್ತ ಅಂಗೈ ಆಡಿಸಿದಳು. ಸುಣ್ಣ ಬಳಿದ ಹಾಗೆ. ಗೋಡೆಗೆ ಅಂಟಿಸಿದ್ದ ಟೈಮ್‌ಟೇಬಲ್ ಕಡೆ ನೋಡಿದೆ. ಹತ್ತನೇ ಕ್ಲಾಸಿಗೆ ನಾಲ್ಕನೇ ಪೀರಿಯಡ್ ಗಣಿತದ ಟೆಸ್ಟ್.

"ಇದು ಹೊಟ್ಟೆ ನೋವಲ್ಲಮ್ಮ, ಗಣಿತ ನೋವು" ಅಂದೆ. "ಊರಿಗೆಲ್ಲ ಪಾಠ ಹೇಳ್ತೀನಿ, ನಮ್ಮನೆ ಹುಡುಗಿನೇ ಸಿಕ್ ರೂಮಿಗೆ ಬಂದ್ರೆ ನಾಳೆ ಬರೋರ ಮುಂದೆ ನನ್ನ ಮಾನ ಏನಾಗ್ಬೇಕು? ಕೂತ್ಕೊ. ಕಣ್ಣು ಮುಚ್ಚು. ನಾಯಿ ಬೊಗಳ್ತಿದೆ, ಅಷ್ಟೆ. ಓಡ್ಬೇಡ."

ಅವಳು ಕೂತಳು. ಕಣ್ಣು ಮುಚ್ಚಿದಳು. ಕೈಗೊಂದು ಪೆಪ್ಪರ್‌ಮಿಂಟ್ ಕೊಟ್ಟೆ. ಹತ್ತು ನಿಮಿಷ ತುಟಿ ಪಿಟಕ್ಕೆನ್ನದೆ ಕೂತಿದ್ದು, "ಪರವಾಗಿಲ್ಲ ಅನ್ಸುತ್ತೆ" ಎಂದು ಎದ್ದು ಹೋದಳು. ರಿಜಿಸ್ಟರಿನಲ್ಲಿ ಬರೆಯಲು ಪೆನ್ನು ತೆಗೆದೆ. ಆ ತಿಂಗಳು ಹತ್ತನೇ ಕ್ಲಾಸಿನಿಂದ ಒಬ್ಬರೂ ಬಂದಿರಲಿಲ್ಲ, ಪುಟ ಹಸನಾಗಿತ್ತು. ಪೆನ್ನಿನ ಮುಚ್ಚಳ ಹಾಕಿ ಇಟ್ಟೆ. ಮಧ್ಯಾಹ್ನ ಹಾಸಿಗೆ ಕೊಡವುವಾಗ ದಿಂಬಿನ ಪಕ್ಕ ಪೆಪ್ಪರ್‌ಮಿಂಟ್ ಸಿಕ್ಕಿತು, ಕಾಗದ ಬಿಚ್ಚಿರಲಿಲ್ಲ. ಅದನ್ನೆತ್ತಿ ಡಬ್ಬಿಗೆ ಹಾಕಿದೆ.

ಹೊಟ್ಟೆಯ ಯಾವ ಕಾಯಿಲೆ ಹೊಕ್ಕುಳಿನ ಸುತ್ತ ಶುರುವಾಗಿ ಬಲಗಡೆ ಕೆಳಕ್ಕೆ ಇಳಿಯುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ನರ್ಸಿಂಗ್ ಓದುವ ಮೊದಲ ವರ್ಷವೇ ಅದನ್ನು ಬಾಯಿಪಾಠ ಮಾಡಿಸುತ್ತಾರೆ. ಊಟ ಸೇರುವುದಿಲ್ಲ, ವಾಂತಿಯಾಗುತ್ತದೆ, ಬಗ್ಗಿ ನಡೆಯುತ್ತಾರೆ, ಮೊದಲ ದಿನ ನೋವು ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಪರೀಕ್ಷೆಯಲ್ಲಿ ನಾನೇ ಬರೆದು ಪಾಸಾಗಿದ್ದೆ. ಆದರೆ ಸುಳ್ಳರನ್ನು ಹಿಡಿದು ಹಿಡಿದು ನನ್ನ ಕಣ್ಣು ಸುಳ್ಳನ್ನು ಮಾತ್ರ ನೋಡುವುದನ್ನು ಕಲಿತಿತ್ತು.

ಬುಧವಾರ ಸಭಾಂಗಣದಲ್ಲಿ ನೆಲಕ್ಕೆ ಜಮಖಾನೆ ಹಾಸಿ ಹತ್ತನೇ ಕ್ಲಾಸಿನ ನಲವತ್ತು ಮಕ್ಕಳನ್ನು ಕೂರಿಸಿದೆವು. ಹಿಂದೆ ಕುರ್ಚಿಗಳಲ್ಲಿ ದೊಡ್ಡ ಮೇಡಂ ಮತ್ತು ಕಚೇರಿಯ ನಾಲ್ವರು. ಚೂಟಿಯನ್ನು ಮೊದಲ ಸಾಲಿನಲ್ಲಿ ಕೂರಿಸಿದೆ. ಅವಳಷ್ಟು ಅಲ್ಲಾಡದೆ ಕೂರುವವರು ಇನ್ನೊಬ್ಬರಿರಲಿಲ್ಲ. ಅವಳು ಸ್ವಲ್ಪ ಬಗ್ಗಿಕೊಂಡು ಬಂದಳು, ಬಲಗಾಲು ಮಡಚಿ ಕೂತಳು.

"ಬೆನ್ನು ನೆಟ್ಟಗೆ" ಎಂದು ಪಿಸುಗುಟ್ಟಿದೆ. ನೆಟ್ಟಗೆ ಮಾಡಿದಳು.

ಗಂಟೆ ಬಾರಿಸಿದೆ. ಎಲ್ಲರೂ ಕಣ್ಣು ಮುಚ್ಚಿದರು. ಉಸಿರು ಒಳಗೆ, ಉಸಿರು ಹೊರಗೆ. ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಚೂಟಿಯ ಮೇಲ್ತುಟಿಯ ಮೇಲೆ ಬೆವರು ಮೂಡಿತ್ತು, ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಎಷ್ಟು ಆಳಕ್ಕೆ ಇಳಿದಿದ್ದಾಳೆ ನನ್ನ ಹುಡುಗಿ ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ಒಂದು ಕ್ಷಣ ಅವಳ ಮೈ ಸೆಟೆದ ಹಾಗೆ ಆಯಿತು, ಕಣ್ಣು ತೆರೆದಳು, ಮತ್ತೆ ಮುಚ್ಚಿದಳು. ಆಮೇಲೆ ಅವಳ ಭುಜಗಳು ಮೆಲ್ಲಗೆ ಇಳಿದವು.

ಹದಿನೈದು ನಿಮಿಷ ಕಳೆದು ಮತ್ತೆ ಗಂಟೆ ಬಾರಿಸಿದೆ. ಬಂದವರಲ್ಲಿ ಕನ್ನಡಕದ ಒಬ್ಬ ಹೆಂಗಸು, "ಯಾರಾದ್ರೂ ಹೇಳ್ತೀರಾ, ಇದರಿಂದ ನಿಮಗೇನು ಉಪಯೋಗ ಆಗಿದೆ?" ಎಂದು ಕೇಳಿದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಚೂಟಿಗೆ ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ನೆಲಕ್ಕೆ ಕೈಯೂರಿ ಎದ್ದಳು. ಮುಖದಲ್ಲಿ ಒಂದು ಆಶ್ಚರ್ಯ ಇತ್ತು.

"ನಂಗೆ ಮೊನ್ನೆಯಿಂದ ಹೊಟ್ಟೆ ನೋವಿತ್ತು. ರಾತ್ರಿಯೆಲ್ಲ ಇತ್ತು. ಇಲ್ಲಿ." ಅವಳು ಹೊಟ್ಟೆಯ ಬಲಗಡೆ, ಕೆಳಗೆ, ಒಂದೇ ಒಂದು ಬೆರಳಿಟ್ಟು ತೋರಿಸಿದಳು. "ನರ್ಸಮ್ಮ ಹೇಳ್ಕೊಟ್ಟ ಹಾಗೆ ನಾನು ಓಡ್ಲಿಲ್ಲ, ಮನೇಲಿ ಯಾರಿಗೂ ಹೇಳ್ಲಿಲ್ಲ. ನೋಡ್ತಾ ಕೂತೆ. ಈಗ ಕೂತಿದ್ದಾಗ ತುಂಬಾ ಜೋರಾಯ್ತು. ಆಮೇಲೆ ಇದ್ದಕ್ಕಿದ್ದ ಹಾಗೆ ಹೋಯ್ತು. ಒಂಚೂರೂ ಇಲ್ಲ ಈಗ. ನಾಯಿ ಹೋಯ್ತು."

ಮಕ್ಕಳು ನಕ್ಕರು. ದೊಡ್ಡ ಮೇಡಂ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಕನ್ನಡಕದವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಆ ನೋವು ತಾನಾಗಿ ಹೋಗುವುದಿಲ್ಲ. ಒಳಗೆ ಕೀವು ತುಂಬಿ ಬಿಗಿದದ್ದು ಒಡೆದಾಗ ಕೆಲವು ಗಂಟೆ ಹಾಯೆನಿಸುತ್ತದೆ, ವಿಷ ಹೊಟ್ಟೆಯೆಲ್ಲ ಹರಡುವವರೆಗೆ. ಇದ್ದಕ್ಕಿದ್ದ ಹಾಗೆ ನೋವು ನಿಂತಿತು ಎಂದು ರೋಗಿ ನಕ್ಕರೆ ನೀವು ಓಡಬೇಕು ಎಂದು ನಮ್ಮ ಮುದುಕಿ ಟೀಚರ್ ಮೇಜು ಗುದ್ದಿ ಹೇಳಿದ್ದರು. ಆ ಸಭಾಂಗಣದಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ಗುರುವಾರ ಬೆಳಗ್ಗೆ ತಂಗಿ ಫೋನ್ ಮಾಡಿದಳು. "ಅಕ್ಕ, ಬೇಗ ಬಾ. ಚೂಟಿ ಏಳ್ತಿಲ್ಲ. ಮೈ ಕೆಂಡ ಆಗಿದೆ. ನಿನ್ನೆ ಸಂಜೆ ಬಂದವಳು ನೋವಿಲ್ಲ, ಸುಸ್ತು ಅಂತ ಮಲಗಿದ್ಳು." ಹೋಗಿ ಹೊಟ್ಟೆಯ ಮೇಲೆ ಕೈಯಿಟ್ಟೆ. ಹಲಗೆಯ ಹಾಗೆ ಬಿಗಿದಿತ್ತು. ಕೈಯಿಟ್ಟ ಕೂಡಲೇ ಎಲ್ಲ ಗೊತ್ತಾಯಿತು. ಸಿಕ್ಕಿದ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು.

ಡಾಕ್ಟರು ನಮ್ಮನ್ನು ಕಾರಿಡಾರಿಗೆ ಕರೆದರು. ಎಳೆಯ ವಯಸ್ಸಿನವರು, ಸಿಟ್ಟು ಬಂದಿತ್ತು. "ಮೂರು ದಿನದ ನೋವಿದು. ದೊಡ್ಡವರೇ ಕಿರುಚಾಡ್ತಾರೆ. ಈ ಮಗು ಯಾರಿಗೂ ಹೇಳ್ಲೇ ಇಲ್ವಾ?"

"ಇಲ್ಲ ಡಾಕ್ಟ್ರೆ" ಅಂದಳು ತಂಗಿ. "ಇವಳು ನಮ್ಮಕ್ಕ, ಅದೇ ಸ್ಕೂಲಲ್ಲಿ ನರ್ಸು. ಹೇಳಿದ್ರೆ ಇವಳಿಗೆ ತಿಳೀತಿರ್ಲಿಲ್ವಾ? ಇವಳ ಕೈಗುಣ ಅಂಥದ್ದು."

ಡಾಕ್ಟರು ನನ್ನ ಮುಖ ನೋಡಿದರು. ನಾನು ಸುಮ್ಮನಿದ್ದೆ.

ಆಪರೇಷನ್ ಆಯಿತು. ಒಡೆದ ಅಪೆಂಡಿಕ್ಸ್ ತೆಗೆದು ಹೊಟ್ಟೆ ತೊಳೆದರು, ನಳಿಕೆ ಹಾಕಿದರು. ವಿಷ ರಕ್ತಕ್ಕೆ ಏರಿಬಿಟ್ಟಿದೆ ಅಂದರು. ಶುಕ್ರವಾರ ಮಧ್ಯಾಹ್ನ ಸ್ವಲ್ಪ ಎಚ್ಚರವಾಗಿ ನನ್ನನ್ನು ಗುರುತು ಹಿಡಿದಳು. ಬಾಯಿ ಒಣಗಿತ್ತು. ಹತ್ತಿಯಲ್ಲಿ ತುಟಿ ಒರೆಸಿದೆ.

"ಇಲ್ಲಿ ದೊಡ್ಡಮ್ಮ ಅನ್ಬಹುದಾ?" ಎಂದು ಕೇಳಿದಳು.

"ಅನ್ನು ಕಂದ. ಎಲ್ಲಿ ಬೇಕಾದ್ರೂ ಅನ್ನು."

"ದೊಡ್ಡಮ್ಮ, ನಾಯಿ ಮತ್ತೆ ಬಂದಿದೆ. ನಾನು ಓಡಿಲ್ಲ."

ಮಂಚದ ಆ ಕಡೆ ನಿಂತಿದ್ದ ತಂಗಿ, "ಯಾವ ನಾಯಿ ಅಕ್ಕ? ಏನು ಹೇಳ್ತಿದಾಳೆ?" ಅಂದಳು.

"ಜ್ವರದ ಬಡಬಡಿಕೆ" ಅಂದೆ.

ಶನಿವಾರ ಹನ್ನೊಂದು ಗಂಟೆಗೆ ಹೋದಳು. ಅವಳ ಅಪ್ಪನ ಲಾರಿ ಇನ್ನೂ ದಾರಿಯಲ್ಲಿತ್ತು.

ಹತ್ತು ದಿನ ಬಿಟ್ಟು ಕೆಲಸಕ್ಕೆ ಹೋದೆ. ಮನೆಯಲ್ಲಿ ಕೂತರೆ ತಂಗಿ ಬರುತ್ತಿದ್ದಳು, ಅವಳ ಮುಖ ನೋಡುವುದಕ್ಕಿಂತ ಮೆಟ್ಟಿಲ ಕೆಳಗೆ ಕೂರುವುದು ಮೇಲೆನಿಸಿತು. ದೊಡ್ಡ ಮೇಡಂ ಕಣ್ಣೊರೆಸಿಕೊಂಡು ಭುಜದ ಮೇಲೆ ಕೈಯಿಟ್ಟರು. "ಮಕ್ಕಳು ತುಂಬಾ ನೊಂದಿದ್ದಾರೆ. ಈಗಲೇ ನಿಮ್ಮ ತರಗತಿ ಜಾಸ್ತಿ ಬೇಕಾಗಿರೋದು. ನಿಮ್ಮ ಕೈಲಿ ಆದ್ರೆ ಮಾತ್ರ."

ಸಭಾಂಗಣಕ್ಕೆ ಹೋದೆ. ಮೂವತ್ತೊಂಬತ್ತು ಮಕ್ಕಳು ಜಮಖಾನೆಯ ಮೇಲೆ ಆಗಲೇ ಕಣ್ಣು ಮುಚ್ಚಿ ಕೂತಿದ್ದರು. ಮೊದಲ ಸಾಲಿನ ಜಾಗ ಖಾಲಿ ಬಿಟ್ಟಿದ್ದರು. ಒಬ್ಬಳ ಕೆನ್ನೆಯ ಮೇಲೆ ಕಣ್ಣೀರು ಹರಿಯುತ್ತಿತ್ತು, ಅವಳು ಒರೆಸಿಕೊಳ್ಳಲೂ ಇಲ್ಲ. ಉತ್ತರ ಪತ್ರಿಕೆ ತಿಂದ ಹುಡುಗ ಹಲ್ಲು ಕಚ್ಚಿ, ಮುಷ್ಟಿ ಕಟ್ಟಿ ನೆಟ್ಟಗೆ ಕೂತಿದ್ದ. ಗಂಟೆ ಎತ್ತಿದವಳು ಕೆಳಗಿಟ್ಟೆ.

"ಕಣ್ಣು ಬಿಡಿ" ಅಂದೆ. "ಯಾರಿಗಾದ್ರೂ ಎಲ್ಲಾದ್ರೂ ನೋವಿದ್ರೆ ಹೇಳಿ. ಹೊಟ್ಟೆ, ತಲೆ, ಏನಾದ್ರೂ. ಸುಳ್ಳಾದ್ರೂ ಪರವಾಗಿಲ್ಲ."

ಒಂದು ಕೈಯೂ ಏಳಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದೆ.

ಸಿಕ್ ರೂಮಿಗೆ ಬಂದು ರಿಜಿಸ್ಟರು ತೆರೆದೆ. ಆ ತಿಂಗಳ ಪುಟದಲ್ಲಿ ಹತ್ತನೇ ಕ್ಲಾಸಿನ ಒಂದು ಹೆಸರೂ ಇರಲಿಲ್ಲ. ಆ ಮಂಗಳವಾರದ ದಿನಾಂಕ ಹಾಕಿದೆ. ಯಾರು ಎಂಬಲ್ಲಿ, ನನ್ನ ತಂಗಿಯ ಮಗಳು. ಏನು ತೊಂದರೆ ಎಂಬಲ್ಲಿ, ಹೊಟ್ಟೆನೋವು. ಕೊನೆಯ ಕಾಲಂ ತುಂಬಲು ಬಹಳ ಹೊತ್ತು ಹಿಡಿಯಿತು. ಏನು ಮಾಡಲಾಯಿತು: ನನ್ನನ್ನು ದೊಡ್ಡಮ್ಮ ಎಂದು ಕರೆದದ್ದಕ್ಕೆ ಗದರಿದೆ. ಪೆಪ್ಪರ್‌ಮಿಂಟ್ ಕೊಟ್ಟೆ. ಸುಮ್ಮನೆ ಕೂರಿಸಿದೆ. ಕೆಳಗೆ ಬುಧವಾರದ ದಿನಾಂಕವನ್ನೂ ಹಾಕಿದೆ: ಬೆರಳಿಟ್ಟು ತೋರಿಸಿದಳು. ನೋವು ಹೋಯಿತು ಎಂದಳು. ಚಪ್ಪಾಳೆ ತಟ್ಟಿದೆ.

ರಿಜಿಸ್ಟರನ್ನು ಕಂಕುಳಲ್ಲಿ ಇರುಕಿಕೊಂಡು ಹಾಡಹಗಲೇ ಗೇಟು ದಾಟಿದೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ತಂಗಿ ಮನೆಯಲ್ಲೇ ಇಸ್ತ್ರಿ ಮಾಡುತ್ತಿದ್ದಳು. ಲಾಂಡ್ರಿಗೆ ಹೋಗಲಾಗದೆ ಗಂಟು ತರಿಸಿಕೊಂಡಿದ್ದಳು. ಯಾರದೋ ಬಿಳಿ ಶರಟುಗಳು ಮೇಜಿನ ಮೇಲೆ ಸಾಲಾಗಿದ್ದವು.

"ಬಾ ಅಕ್ಕ" ಅಂದಳು. "ನೀನು ಬಂದ್ರೆ ಒಂಚೂರು ಉಸಿರು ಬಂದ ಹಾಗಾಗುತ್ತೆ. ಊಟ ಮಾಡಿದ್ಯಾ?"

ನಾನು ಪುಟ ತೆರೆದು ಮೇಜಿನ ಮೇಲಿಟ್ಟೆ. ಬಾಯಲ್ಲಿ ಹೇಳುವ ಧೈರ್ಯ ಇರಲಿಲ್ಲ. ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು, ಸ್ವಿಚ್ ಆರಿಸಿದಳು, ಕೈ ಒರೆಸಿಕೊಂಡಳು. ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದಳು. ಓದಿ ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದಳು. ಅವಳು ಹೊಡೆಯಲಿ, ಕೂದಲು ಹಿಡಿದು ಎಳೆಯಲಿ ಎಂದು ನಾನು ಕಾದೆ. ಅವಳು ರಿಜಿಸ್ಟರನ್ನು ಮುಚ್ಚಿ, ಅದರ ಮೇಲೆ ಬಿದ್ದಿದ್ದ ನೀರಿನ ಹನಿಯನ್ನು ಸೆರಗಿನಿಂದ ಒತ್ತಿ, ನನ್ನ ಕಡೆ ತಳ್ಳಿದಳು.

"ತಗೊಂಡು ಹೋಗಿ ನರ್ಸಮ್ಮ" ಅಂದಳು. "ನೀವು ಇನ್ನು ಈ ಕಡೆ ಬರಬೇಡಿ."

ಮತ್ತೆ ಸ್ವಿಚ್ ಹಾಕಿ, ಶರಟಿನ ಕಾಲರನ್ನು ಬಿಡಿಸಿಕೊಂಡು, ಇಸ್ತ್ರಿ ಕಾಯುವುದನ್ನು ಕಾಯುತ್ತ ನಿಂತಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.